ವರ್ಷದ ಕೊನೆಗೆ ಕೊಕ್ಕರೆ ಬೆಳ್ಳೂರಿನ ಋಣ

ಈ ವರ್ಷ ತೆಗೆದ ಚಿತ್ರಗಳಲ್ಲಿ ನನಗೆ ತೀರಾ ಹತ್ತಿರವಾದವು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವು. ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಮಾಡುವಾಗ, ಹುಣಸೆ ಫಸಲನ್ನೇ ಬಿಟ್ಟುಕೊಟ್ಟು ಅವುಗಳನ್ನು ಮನೆಮಕ್ಕಳಂತೆ ಕಾಪಾಡಿಕೊಂಡು ಬಂದ ಆ ಊರಿನವರಿಗೆ ನನ್ನ ಮೊದಲ ಕೃತಜ್ಞತೆ ಸಲ್ಲಬೇಕು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಗುವುದಕ್ಕೆ ಎಷ್ಟೋ ಮೊದಲೇ ಈ ಕಾವಲು ಇತ್ತು. ತಾಯಿ ಹೆಜ್ಜಾರ್ಲೆಯ ಗಂಟಲ ಚೀಲದೊಳಕ್ಕೆ ಮರಿಯೊಂದು ತಲೆ ತೂರಿಸಿ ಮೀನು ತಿನ್ನುವ ಚಿತ್ರವನ್ನು ನಿಮ್ಮಲ್ಲಿ ಹಲವರು ಮೆಚ್ಚಿದಿರಿ. ಗೂಡಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯಲು ಸಾಧ್ಯವಾದದ್ದು, ಗುರುತು ಪರಿಚಯವಿಲ್ಲದ ನನಗೆ ತಮ್ಮ ತಾರಸಿಯ ಮೆಟ್ಟಿಲು ತೋರಿಸಿದ ಮನೆಯವರಿಂದ. ಒಳ್ಳೆಯ ಚಿತ್ರವೊಂದರಲ್ಲಿ ಛಾಯಾಗ್ರಾಹಕನ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ ಎಂದು ನನಗೀಗ ಗಟ್ಟಿಯಾಗಿ ಅನ್ನಿಸುತ್ತಿದೆ. ಆ ಚಿತ್ರದ ಮೊದಲ ಮುದ್ರಿತ ಪ್ರತಿಯನ್ನು ಜನವರಿಯಲ್ಲಿ ಅವರ ಕೈಗೇ ಕೊಟ್ಟು ಬರುತ್ತೇನೆ.