ಕಂಕುಳಿಗೆ ಹಳೇ ಬಟ್ಟೆ

ಯೆಹೂದ್ಯರ ಪಂಚಾಂಗದ ಆವ್ ತಿಂಗಳ 9ನೇ ದಿನ ಅವರಿಗೆ ಉಪವಾಸ. ಯೆರೂಸಲೇಮಿನ ದೇವಾಲಯ ಬಿದ್ದದ್ದನ್ನು ನೆನೆಯುವ ದಿನ ಅದು. ಸಭಾಮಂದಿರದಲ್ಲಿ ನೆಲದ ಮೇಲೆ ಕೂತು ‘ಪ್ರಲಾಪಗಳು’ ಎಂಬ ಶೋಕಗೀತೆಗಳ ಪುಸ್ತಕ ಓದುತ್ತಾರೆ. ನಾನು ಕ್ರೈಸ್ತ ಮನೆಯವಳು, ನಮ್ಮಲ್ಲಿ ಆ ಉಪವಾಸ ಇಲ್ಲ. ಆದರೂ ಆ ದಿನ ಹತ್ತಿರ ಬಂದಾಗ ನಾನು ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕ ತೆರೆಯುತ್ತೇನೆ. 38ನೇ ಅಧ್ಯಾಯಕ್ಕೆ ಬಂದರೆ ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ. ಅಲ್ಲಿ ಎಬೆದ್ಮೆಲೆಕ ಇದ್ದಾನೆ.

‘ರಾಜನ ಸೇವಕ’ ಅಂತ ಆ ಹೆಸರಿನ ಅರ್ಥ. ಹೆಸರಲ್ಲೇ ಊಳಿಗ. ಈಜಿಪ್ಟಿಗೂ ದಕ್ಷಿಣಕ್ಕಿರುವ ಕೂಷ್ ದೇಶದವನು, ಅರಮನೆಯ ಕಂಚುಕಿ, ಅಂದರೆ ನಪುಂಸಕ ಸೇವಕ. ಪರದೇಶದ ಆಳು.

ಯೆರೂಸಲೇಮನ್ನು ಬಾಬಿಲೋನಿನ ಸೈನ್ಯ ಸುತ್ತುಗಟ್ಟಿತ್ತು. ಶರಣಾದರೆ ಬದುಕುತ್ತೀರಿ ಎಂದು ಯೆರೆಮೀಯ ಹೇಳಿದ. ನಾಲ್ವರು ಅಧಿಕಾರಿಗಳಿಗೆ ಅದು ಸಹಿಸಲಿಲ್ಲ. ‘ಅವನು ನಿಮ್ಮ ಕೈಯಲ್ಲಿದ್ದಾನೆ’ ಎಂದ ರಾಜ ಚಿದ್ಕೀಯ, ತನ್ನಿಂದ ಏನೂ ಆಗದು ಅಂತ ಕೈಚೆಲ್ಲಿದ. ಅವರು ಪ್ರವಾದಿಯನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಮಳೆನೀರು ತುಂಬಿಡುವ ಬಾವಿ ಅದು. ಒಂದು ಹನಿ ನೀರಿಲ್ಲ, ಬರೀ ಕೆಸರು. ಯೆರೆಮೀಯ ಅದರಲ್ಲಿ ಹೂತುಹೋದ.

ಆಳು ಇದನ್ನು ಕೇಳಿದ. ರಾಜ ಊರಿನ ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದ. ಅಲ್ಲಿಗೇ ಹೋಗಿ, ‘ಇವರು ಮಾಡಿದ್ದು ಕೆಟ್ಟದ್ದು, ಅವನು ಹಸಿವಿನಿಂದ ಸಾಯುತ್ತಾನೆ’ ಅಂದುಬಿಟ್ಟ. ರಾಜ 30 ಜನರನ್ನು ಜೊತೆಗೆ ಕೊಟ್ಟ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಅವನು ನೇರ ಬಾವಿಗೆ ಓಡಲಿಲ್ಲ. ಅರಮನೆಯ ಖಜಾನೆ ಕೆಳಗಿನ ಕೋಣೆಗೆ ಹೋಗಿ ಹರಿದ ಬಟ್ಟೆ, ಹಳೇ ಚಿಂದಿ ಆರಿಸಿ ತಂದ. ಅವನ್ನು ಹಗ್ಗದಲ್ಲಿ ಇಳಿಸಿ, ‘ಕಂಕುಳಿಗೆ ಇಟ್ಟುಕೋ, ಅದರ ಮೇಲೆ ಹಗ್ಗ ಬರಲಿ’ ಎಂದ. ಬಾವಿಯಲ್ಲಿ ನೀರು ಸೇದಿದವರಿಗೆ ಗೊತ್ತು, ಭಾರ ಬಿದ್ದ ಹಗ್ಗ ಚರ್ಮಕ್ಕೆ ಏನು ಮಾಡುತ್ತದೆ ಅಂತ. ಹಸಿದು ಸೊರಗಿದ ಮನುಷ್ಯನಿಗೆ ಇನ್ನೂ ಜಾಸ್ತಿ ನೋವು, ಅಲ್ವಾ? ಜೀವದ ಹಂಗು ಬಿಟ್ಟು ಬಂದವನು ಆ ನೋವನ್ನೂ ಮೊದಲೇ ಯೋಚಿಸಿದ್ದ. ಇದನ್ನು ಓದುವಾಗ ನನ್ನ ಕಣ್ಣು ತುಂಬುತ್ತದೆ.

ಚಿದ್ಕೀಯನ ಆಳ್ವಿಕೆಯ 11ನೇ ವರ್ಷ, ನಾಲ್ಕನೇ ತಿಂಗಳ 9ನೇ ದಿನ ಕೋಟೆ ಒಡೆಯಿತು. ರಾಜ ಓಡಿಹೋಗುವಾಗ ಸಿಕ್ಕಿಬಿದ್ದ. ಅವನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಆ ಕಣ್ಣುಗಳನ್ನೇ ಕಿತ್ತರು. ಇಷ್ಟೆಲ್ಲ ಹೇಳಿದ ಮೇಲೆ 39ನೇ ಅಧ್ಯಾಯ ಸ್ವಲ್ಪ ಹಿಂದಕ್ಕೆ ಹೋಗಿ, ದೇವರು ಆ ಆಳಿಗೆ ಕೊಟ್ಟಿದ್ದ ಮಾತನ್ನು ನೆನಪಿಸುತ್ತದೆ. ಈ ಊರಿಗೆ ಕೇಡು ಬರುತ್ತದೆ, ನಿನ್ನನ್ನು ಮಾತ್ರ ತಪ್ಪಿಸುತ್ತೇನೆ. ನಿನ್ನ ಪ್ರಾಣವೇ ನಿನಗೆ ಕೊಳ್ಳೆ, ಏಕೆಂದರೆ ನನ್ನನ್ನು ನಂಬಿದೆ.

ಬಾಬಿಲೋನಿನ ಸೈನಿಕರು ದೇವಾಲಯದ ಬಂಗಾರ, ಬೆಳ್ಳಿ, ತಾಮ್ರ ಹೊತ್ತುಕೊಂಡು ಹೋದರು. ಇವನ ಪಾಲಿಗೆ ಬಂದದ್ದು ಅವನ ಉಸಿರು. ಹೊಲವಿಲ್ಲ, ಪದವಿಯಿಲ್ಲ. ಮೊದಲು ಇದು ನನಗೆ ಸಣ್ಣ ಬಹುಮಾನ ಅನ್ನಿಸಿತ್ತು. ಆ ಉರಿಯುವ ಊರನ್ನು ಕಣ್ಣಮುಂದೆ ತಂದುಕೊಂಡ ಮೇಲೆ ಹಾಗನ್ನಿಸಲಿಲ್ಲ.

ಆ ಮಾತಿನ ನಡುವೆ ಇನ್ನೊಂದಿದೆ: ‘ನೀನು ಹೆದರುವ ಜನರ ಕೈಗೆ ನಿನ್ನನ್ನು ಒಪ್ಪಿಸುವುದಿಲ್ಲ.’ ಅಂದರೆ ಎಬೆದ್ಮೆಲೆಕ ಹೆದರಿದ್ದ! ರಾಜನ ಮುಂದೆ ಬಾಯಿ ಬಿಟ್ಟಾಗ ಅವನು ತನ್ನ ಭಯದ ಸುದ್ದಿಯನ್ನೇ ಎತ್ತಿರಲಿಲ್ಲ. ಚಿದ್ಕೀಯನೂ ಹೆದರಿದ್ದ. ಯೆರೆಮೀಯನನ್ನು ಗುಟ್ಟಾಗಿ ಕರೆಸಿ ಹಾಗಂತ ಹೇಳಿಕೊಂಡೂ ಇದ್ದ, ಆದರೆ ಕೊನೆವರೆಗೂ ಶರಣಾಗಲಿಲ್ಲ. ಆಳಿನ ಭಯ ಮಾತ್ರ ಯಾರಿಗೂ ಕಾಣದೆ ದೇವರಿಗೆ ಕಂಡಿತ್ತು.

ಆ ಸಮಾಧಾನದ ಮಾತನ್ನು ಅವನಿಗೆ ಮುಟ್ಟಿಸುವ ಕೆಲಸ ಯೆರೆಮೀಯನಿಗೇ ಬಂತು. ಅವನು ಆಗ ಕಾವಲಿನ ಅಂಗಳದಲ್ಲಿದ್ದ, ಹಗ್ಗ ಹಿಡಿದು ಮೇಲೆ ಬಂದ ಅದೇ ಅಂಗಳದಲ್ಲಿ.