ರಸ್ತೆಯುಬ್ಬು ಮತ್ತು ತಗ್ಗಿದ ಬಂಪರ್

ಬೆಂಗಳೂರಿನ ನಮ್ಮ ಬಡಾವಣೆಯ ಉಬ್ಬೊಂದಕ್ಕೆ ನನ್ನ ಸ್ಪೋರ್ಟ್ಸ್ ಕಾರಿನ ಮುಂದಿನ ಬಂಪರ್ ಕರಕರನೆ ಉಜ್ಜಿದಾಗ, ಇಳಿದು ಮೊಣಕಾಲೂರಿ ತಳದಂಚಿನ ಮೇಲೆ ಬೆರಳಾಡಿಸಿದೆ. ಬಣ್ಣ ಕಿತ್ತು, ಪ್ಲಾಸ್ಟಿಕ್ ಎಳೆಎಳೆಯಾಗಿ ಕೈಗೆ ತಾಕಿತು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ ಉಬ್ಬು 10 ಸೆಂ.ಮೀ. ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯದು ಮಾತ್ರ ಗಿಡ್ಡ ಗೋಡೆಯಂತಿದೆ. ಅಂದಿನಿಂದ ನಾನು, ಎದುರಿಗೂ ಹಿಂದೆಯೂ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಚಕ್ರ ಮೊದಲು ಏರುವಂತೆ ಓರೆಯಾಗಿ, ನಡಿಗೆಯ ವೇಗದಲ್ಲಿ ಉಬ್ಬನ್ನು ದಾಟುತ್ತೇನೆ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಇನ್ನಷ್ಟು ತಗ್ಗುವುದರಿಂದ ವೇಗವನ್ನು ಮೊದಲೇ ಇಳಿಸಿಕೊಳ್ಳುತ್ತೇನೆ. ಬಂಪರಿಗೆ ಅಂಟಿಸುವ ಪಾರದರ್ಶಕ ಫಿಲ್ಮ್ ಸಿಡಿಯುವ ಕಲ್ಲಿನ ಚೂರುಗಳನ್ನು ತಡೆಯಬಲ್ಲದೇ ಹೊರತು ಇಂತಹ ಉಜ್ಜಾಟವನ್ನಲ್ಲ. ನೆಲದಿಂದಿರುವ ಎತ್ತರವನ್ನು ಕೊಂಚ ತಗ್ಗಿಸಿದರೂ, ತಳದಂಚಿಗೆ ಕೂರಿಸಿ ಸವೆದಾಗ ಬದಲಿಸಬಹುದಾದ ರಬ್ಬರ್ ಪಟ್ಟಿಯೇ ನನಗೆ ಸರಿಯೆನಿಸಿದೆ.