ಬಾಸುಂದಿಗೆ ಸಾಲದ ಚಾರೋಳಿ

ಈ ಸಲ ಮೇ ತಿಂಗಳಲ್ಲಿ ಒಂದು ಭಾನುವಾರ ಪೂರ್ತಿ ಚಾರೋಳಿ, ಅಂದರೆ ಬಾಸುಂದಿಯಂಥ ಹಾಲಿನ ಸಿಹಿಗೆ ಹಾಕುವ ಸಣ್ಣ ಬೀಜ, ಒಡೆಯೋದರಲ್ಲೇ ಹೋಯಿತು. ಧಾರವಾಡದ ನಮ್ಮ ಹಿತ್ತಲದ್ದೇ ಚಾರೋಳಿ. ಕಲಘಟಗಿ, ಹಳಿಯಾಳ ಕಡೆಯ ಕಾಡಿನ ಗಿಡ ಇದು. ಕಾಡಿನಲ್ಲಿ 15 ಮೀಟರಿನವರೆಗೂ ಹೋಗುತ್ತದೆ, ನಮ್ಮಲ್ಲಿ ಇನ್ನೂ ಕಾಂಪೌಂಡಿನ ಮೇಲಿಂದ ಇಣುಕುವ ಪೊದೆ, ಅಷ್ಟು ನಿಧಾನ. ಮಾವು, ಗೋಡಂಬಿಯ ಕುಟುಂಬದ್ದೇ ಆದ್ದರಿಂದ ಚಳಿ ಮುಗಿಯುವಾಗ ಮಾವಿನಂತೆಯೇ ಗೊಂಚಲು ಗೊಂಚಲು ಹೂ ಬಿಡುತ್ತದೆ. ಹಣ್ಣು ಕಪ್ಪಗಾದ ಮೇಲೆ ಹುಳಿ-ಸಿಹಿ, ಅರ್ಧ ಹಕ್ಕಿಗಳ ಪಾಲು. ಇರಲಿ ಬಿಡಿ.

ಹಣ್ಣು ರಾತ್ರಿ ನೆನೆಹಾಕಿ, ಗೋಣಿಚೀಲದ ಮೇಲೆ ತಿಕ್ಕಿ, ಸಿಪ್ಪೆ ಹೋದ ಬೀಜಗಳನ್ನು ಚೆನ್ನಾಗಿ ಒಣಗಿಸಿ ಇಟ್ಟಿದ್ದೆವು. ಮುಂದಿನದೇ ಕಷ್ಟ. ಓಡು ಕಲ್ಲಿನಂತೆ ಗಟ್ಟಿ, ಒಳಗಿನ ತಿರುಳು ಮೆತ್ತಗೆ, ಅದರಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆಯೇ. ಮಿಕ್ಸರಿಗೆ ಹಾಕೋಣ ಅಂದೆ.

"ಮಿಕ್ಸರಿಗೆ ಹಾಕಿದ್ರ ಚಟ್ನಿ ಆಗ್ತದ ತಮ್ಮಾ, ಬೀಸುಕಲ್ಲು ತಗಿ" ಅಂದಳು ಅವ್ವ.

ಮಂಚದ ಕೆಳಗಿದ್ದ ಬೀಸುಕಲ್ಲು ಹೊರಗೆ ಬಂತು. ಭಾರ ಬಿಡದೆ, ಹಗುರವಾಗಿ ತಿರುಗಿಸಬೇಕು. ಓಡು ಸೀಳಿ ತಿರುಳು ಇಡಿಯಾಗಿ ಬರಬೇಕು. ಅವ್ವನ ಕೈಯಲ್ಲಿ ಬಂತು, ನನ್ನ ಕೈಯಲ್ಲಿ ಮುಕ್ಕಾಲು ನುಚ್ಚು. ಆಮೇಲೆ ಮೊರದಲ್ಲಿ ಕೇರಿ, ಓಡಿನ ಚೂರು ಆರಿಸುತ್ತ ಕೂತರೆ ಸಂಜೆಯಾಯಿತು. ಮಕ್ಕಳು ಆರಿಸಿದ್ದಕ್ಕಿಂತ ತಿಂದದ್ದೇ ಜಾಸ್ತಿ.

ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡಿ ನಮಗೂ ಒಂದು ಸಸಿ ಕೊಡು ಅಂದಳು. ಅವಳದು ಎರಿ, ಅಂದರೆ ಕಪ್ಪು ಮಣ್ಣಿನ ಜಾಗ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಈ ಗಿಡಕ್ಕೆ ಅದು ಆಗುವುದಿಲ್ಲ. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು, ನೀರು ಬಸಿದು ಹೋಗುತ್ತದೆ, ಹಾಗಾಗಿ ಬದುಕಿದೆ. ಏರು ಮಾಡಿ ಮಣ್ಣು ಹಾಕಿಸು, ಆಮೇಲೆ ನೋಡೋಣ ಅಂದೆ. ದೊಡ್ಡ ಸಸಿ ಕಿತ್ತು ಕೊಡೋದಂತೂ ಸುಮ್ನೆ ದಂಡ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಗಿಡ ಚೇತರಿಸಿಕೊಳ್ಳೋದು ಕಷ್ಟ. ಬೀಜವನ್ನೇ ಉದ್ದನೆಯ ಚೀಲದಲ್ಲಿ ಊರಬೇಕು, ಅದೂ ಆ ವರ್ಷದ್ದೇ ಬೀಜ, ಹಳೆಯದಾದರೆ ಮೊಳಕೆ ಬರುವುದು ಕಡಿಮೆ. ಓಡು ಸ್ವಲ್ಪ ಬಿರಿಯುವಂತೆ ತಟ್ಟಿ ಹಾಕಿದರೆ ಬೇಗ ಮೊಳೆಯುತ್ತದೆ.

ಅದಕ್ಕೇ ಅವ್ವ ಒಳ್ಳೆ ದಪ್ಪ ಬೀಜಗಳನ್ನು ಒಡೆಯಲು ಬಿಡದೆ ಮೊದಲೇ ತೆಗೆದಿಟ್ಟಿದ್ದಳು. ಉಳಿದದ್ದು ಅರ್ಧ ಬಟ್ಟಲು. ಬಾಸುಂದಿಗೆ ಅಂಗಡಿಯಿಂದ ಚಾರೋಳಿ ಪಾಕೀಟು ತಂದೆವು.